ಕಾಗದದ ಗಾಲಿ, ಕಲ್ಲಿನ ಕೈ

ಕಾಗದದಿಂದ ಚಾಕುವಿಗೆ ಹರಿತವಾದ ಧಾರ ಬರುತ್ತದೆ ಎಂದರೆ ಜನ ಈಗಲೂ ನನ್ನ ಮುಖ ನೋಡಿ ನಗುತ್ತಾರೆ. ನಗಲಿ ಬಿಡಿ. ಮೊದಲ ಸಲ ಕೇಳಿದಾಗ ನಾನೂ ನಕ್ಕವಳೇ. ಕಾಗದವೆಂದರೆ ಶೇಂಗಾ ಕಟ್ಟಿಸಿಕೊಂಡು ಬರುವ ವಸ್ತು, ಮಳೆಗೆ ನೆನೆದರೆ ಮುದ್ದೆಯಾಗುವ ವಸ್ತು. ಅದು ಕಬ್ಬಿಣಕ್ಕೇನು ಬುದ್ಧಿ ಕಲಿಸೀತು? ಆಮೇಲೆ ಆ ಗಾಲಿಯನ್ನು ನಾನೇ ಕೈಯಾರೆ ಮಾಡಿದೆ, ನಾನೇ ಓಡಿಸಿದೆ, ಬೀದರದ ಎಷ್ಟೋ ಅಂಗಡಿಗಳ ಕತ್ತಿಗೆ ಸಾಣೆ ಹಿಡಿದೆ. 

ನನ್ನ ಗಂಡ ಸಾಣೆ ಹಿಡಿಯುವವರು. ಕಾಲಿನಿಂದ ತುಳಿದು ತಿರುಗಿಸುವ ಕಲ್ಲಿನ ಗಾಲಿ, ಅದನ್ನು ಹೊತ್ತ ಮರದ ಚೌಕಟ್ಟು, ಕಲ್ಲಿನ ಮೇಲೆ ಹನಿಹನಿಯಾಗಿ ನೀರು ಬೀಳಿಸುವ ತಗಡಿನ ಡಬ್ಬಿ, ಇಷ್ಟೇ ಅವರ ಕಾರ್ಖಾನೆ. ಬೀದರದ ನಡುವಿನ ಹಳೆಯ ಕಾವಲು ಗೋಪುರ ಚೌಬಾರದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯ ಪಡಸಾಲೆಯೇ ಅಂಗಡಿ. ಮನೆಯಲ್ಲಿ ನಾವಿಬ್ಬರೇ. ಸಂತೆಯ ದಿನ ಚೌಕಟ್ಟನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಔರಾದಿಗೆ, ಭಾಲ್ಕಿಗೆ ಹೋಗುತ್ತಿದ್ದರು. ಎಕಂಬಾದ ರೈತರು ಕುಡಗೋಲು ತರುತ್ತಿದ್ದರು. ಮೆಹಕರದವರು ಅರ್ಧ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದರು. ಆದರೆ ನಮ್ಮ ಒಲೆ ಉರಿಯುತ್ತಿದ್ದದ್ದು ಅಡುಗೆಮನೆಯ ಚಾಕುಗಳಿಂದಲೇ. ಭಾಲ್ಕಿ ಹಾದಿಯ ಒಂದು ಸಣ್ಣ ಮಠದಲ್ಲಿ ನಿತ್ಯ ದಾಸೋಹವಿತ್ತು. ಅಲ್ಲಿನ ಅಡುಗೆಯ ಹಿರಿಯರು ತಮ್ಮ ಚಾಕು, ಈಳಿಗೆಗಳನ್ನೆಲ್ಲ ನಮ್ಮವರ ಕೈಗೇ ಕೊಡುತ್ತಿದ್ದರು. ಅವರನ್ನು ನೋಡಿ ಊರಿನ ಲಿಂಗವಂತರ ಮನೆಗಳೂ ಕೊಡುತ್ತಿದ್ದವು.

ಇದಕ್ಕೊಂದು ಕ್ರಮವಿತ್ತು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಮೊದಲು ಮಠದ ಮತ್ತು ಮನೆಗಳ ಚಾಕು. ಮಧ್ಯಾಹ್ನದ ಮೇಲೆ ಮಾಂಸದ ಅಂಗಡಿಯವರ ಕತ್ತಿ. ಸಂಜೆ ಕಲ್ಲಿಗೆ ಬೂದಿ ಹಚ್ಚಿ, ತಿಕ್ಕಿ, ಕೊಡಗಟ್ಟಲೆ ನೀರು ಹೊಯ್ದು ತೊಳೆಯುವುದು. ಎಲ್ಲರಿಗೂ ಇದು ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಕಲ್ಲು ತೊಳೆದರೆ ಹೊಸದು. ನೀರು ಹೊರುವ ಕೆಲಸ ನನ್ನದು, ಆದ್ದರಿಂದ ಆ ಕಲ್ಲು ಎಷ್ಟು ಹೊಸದಾಗುತ್ತಿತ್ತು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಊರ ತುಂಬ ಬಣ್ಣದ ವಾಸನೆ. ಕಚೇರಿಗಳ ಉರ್ದು ಬೋರ್ಡು ಇಳಿದು ಕನ್ನಡದ ಬೋರ್ಡು ಏರುತ್ತಿದ್ದವು. ನನ್ನ ಗಂಡ ಬಸ್ ನಿಲ್ದಾಣದಿಂದ ಬಂದವರೇ ಪೇಂಟರನನ್ನು ಬೈಯಲು ಶುರು ಮಾಡಿದರು.

"ಏನ್ ಬರ್ದಾನ ಅವ? ಎಲ್ಲಾ ಅಕ್ಷರ ಕಲಸಿಟ್ಟಾನ. ಸರಕಾರದ ರೊಕ್ಕ, ಯಾರ ಕೇಳ್ತಾರ ಅಂತ."

ಮರುದಿನ ನಾನು ಆ ಹಾದಿಯಲ್ಲೇ ಹೋದೆ. ಅಕ್ಷರಗಳು ಮುತ್ತು ಪೋಣಿಸಿದಂತೆ ಇದ್ದವು. ನಾನು ಬೋರ್ಡಿನ ಕೆಳಗೆ ಕಾಯಿಪಲ್ಯದ ಚೀಲ ಹಿಡಿದುಕೊಂಡು ನಿಂತೇಬಿಟ್ಟೆ. ಕಲಸಿದ್ದು ಅಕ್ಷರವಲ್ಲ, ಅವರ ಕಣ್ಣು.

ಹೈದರಾಬಾದಿಗೆ ಹೋದೆವು. ಅದು ಆಗಲೇ ಬೇರೆ ರಾಜ್ಯದ ಊರಾಗಿತ್ತು, ಆದರೆ ನಮಗೆ ರೋಗ ಬಂದರೆ ಹೋಗುವ ಊರು ಅದೊಂದೇ. ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ, ಉರ್ದುವಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು: ಕಣ್ಣಿನ ಒಳಗಿನ ನರ ಒಣಗುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಬರುವಾಗ ಜಹೀರಾಬಾದ್ ದಾಟಿದ ಮೇಲೆ ನನ್ನ ಗಂಡ ಕೇಳಿದರು.

"ಕಣ್ಣಿಲ್ದೆ ಸಾಣಿ ಹಿಡೀಲಿಕ್ಕ ಬರ್ತದೇನ?"

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ಕಲ್ಲಿನ ಕೆಲಸ ಕಣ್ಣಿನದು. ನೀರು ಅಲಗಿನ ಮೇಲೆ ಹೇಗೆ ಹರಿಯುತ್ತದೆ, ಕಿಡಿ ಎಲ್ಲಿಂದ ಏಳುತ್ತದೆ ಎಂದು ನೋಡುತ್ತಲೇ ಅವರು ಕೈ ಓರೆ ಮಾಡುತ್ತಿದ್ದರು. ಭಿಕ್ಷೆಗೆ ಕೂರುವ ಜಾಯಮಾನವಂತೂ ಅವರದಲ್ಲ. ಕೆಲಸವಿಲ್ಲದೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎಂದು ನಂಬಿದ ಮನುಷ್ಯ, ಮತ್ತು ಬರೀ ಹೇಳಿಕೊಳ್ಳಲು ನಂಬಿದವರಲ್ಲ.

ಆ ಹೊತ್ತಿಗೆ ಸಿಕ್ಕವರು ಮಿಸ್ತ್ರಿ ಸಾಹೇಬರು. ನಿಜಾಮರ ಕಾಲದಲ್ಲಿ ಫೌಜಿನ ಕಾರ್ಖಾನೆಯಲ್ಲಿ ದುಡಿದವರು, ಬಸ್ ನಿಲ್ದಾಣದ ಬಳಿ ಸಣ್ಣ ವರ್ಕ್‌ಶಾಪು. ಅವರ ಬಳಿ ಮೇಜಿಗೆ ಬೋಲ್ಟು ಹಾಕಿ ಕೂಡಿಸಿದ ಒಂದು ಗ್ರೈಂಡರ್ ಇತ್ತು. ಮೋಟಾರಿನ ಎರಡು ತುದಿಗೆ ಎರಡು ಗಾಲಿ, ಎರಡೂ ಕಾಗದದವು. ಒಂದರ ಅಂಚಿಗೆ ಕಪ್ಪು ಸಾಣೆಪುಡಿ ಅಂಟಿಸಿದ್ದರು, ಇನ್ನೊಂದು ಬೋಳು, ಪಾಲಿಷ್ ಹಚ್ಚಿದ್ದು. ನಾವು ಕಣ್ಣಿನ ಸಂಗತಿ ಹೇಳಿದ ಕೂಡಲೇ ಅವರು ತಮ್ಮ ರುಮಾಲನ್ನು ಕಣ್ಣಿಗೆ ಕಟ್ಟಿಕೊಂಡರು. ಮೊಂಡು ಚಾಕು ಒಂದನ್ನು ಮೊದಲು ಕಪ್ಪು ಗಾಲಿಗೆ, ಆಮೇಲೆ ಬೋಳು ಗಾಲಿಗೆ ಹಿಡಿದರು. ರುಮಾಲು ಬಿಚ್ಚದೆ ಒಂದು ರದ್ದಿ ಕಾಗದ ಎತ್ತಿ ಹಿಡಿದು ಕೊಯ್ದರು. ಕಾಗದ ಸದ್ದಿಲ್ಲದೆ ಎರಡಾಯಿತು.

"ಕಲ್ಲು ಆಂಖ್ ಕೇಳ್ತದ. ಇದು ಬರೀ ಹಾಥ್ ಕೇಳ್ತದ, ಭಾಯಿ," ಎಂದು ತಮ್ಮ ಕಣ್ಣನ್ನೂ ಕೈಯನ್ನೂ ಮುಟ್ಟಿ ತೋರಿಸಿದರು.

ನನ್ನ ಗಂಡನ ಮುಖ ಆ ದಿನ ಹೇಗಿತ್ತೆಂದು ಹೇಳಬಾರದು. ಹೇಳಿದರೆ ನನಗೆ ಮುಂದಿನದನ್ನು ಹೇಳಲು ಆಗುವುದಿಲ್ಲ.

ಮಿಸ್ತ್ರಿ ಸಾಹೇಬರು ಅಣ್ಣನ ಮನೆಗೆಂದು ಹೈದರಾಬಾದಿಗೆ ಹೊರಟು ನಿಂತಿದ್ದರು. ಈ ಊರಿನ ಕಚೇರಿಯಲ್ಲಿ ಇನ್ನು ನಮ್ಮ ಭಾಷೆ ನಡೆಯುವುದಿಲ್ಲ, ನಮ್ಮ ಮಕ್ಕಳು ಏನು ಮಾಡಬೇಕು ಎನ್ನುವುದು ಅವರ ಚಿಂತೆ. ಯಂತ್ರವನ್ನು ನಮಗೆ ಕೊಟ್ಟರು. ಅದಕ್ಕೆ ನನ್ನ ಕೈಯ ಬಂಗಾರದ ಪಾಟ್ಲಿ ಹೋದವು, ಹೋಗಲಿ, ಅವಕ್ಕೆ ಬೇರೆ ಏನು ಕೆಲಸವಿತ್ತು. ಹೊರಡುವ ಮುನ್ನ ಕಲಿಸಿ ಹೋಗುತ್ತೇನೆ ಎಂದರು, ಹಾಗೆಯೇ ಕಲಿಸಿದರು. ಗಾಲಿ ಕಟ್ಟಲು ಕಣ್ಣಿದ್ದವರು ಬೇಕು, ಆದ್ದರಿಂದ ನಾನೂ ಕಲಿಯಬೇಕಾಯಿತು.

ಗಾಲಿ ಕಟ್ಟುವುದೆಂದರೆ ಸುಮ್ಮನಲ್ಲ. ಕಚೇರಿಯವರು ಹಳೆಯ ಉರ್ದು ಕಡತಗಳನ್ನು ರದ್ದಿಗೆ ಹಾಕುತ್ತಿದ್ದ ಕಾಲ. ಅವುಗಳ ರಟ್ಟು ನಮಗೆ ಬೇಕಾದಷ್ಟು ಸಿಗುತ್ತಿತ್ತು. ರಟ್ಟನ್ನು ದುಂಡಗೆ ಕತ್ತರಿಸಿ, ಒಂದರ ಮೇಲೊಂದು ಸರೇಸು ಹಚ್ಚಿ ಅಂಟಿಸಬೇಕು. ಸರೇಸು ಅಂದರೆ ಬಡಗಿಗಳು ಬಳಸುವ, ದನದ ಚರ್ಮ ಕುದಿಸಿ ಮಾಡಿದ ಅಂಟು. ಬಿಸಿ ಮಾಡಿದರೆ ಓಣಿಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ಬೀಸುಕಲ್ಲಿನ ಕೆಳಗೆ ಒತ್ತಿಟ್ಟು ಒಣಗಿಸಿ, ಯಂತ್ರಕ್ಕೆ ಹಾಕಿ, ತಿರುಗುವಾಗ ಅಂಚನ್ನು ಉಳಿಯಿಂದ ಸಮ ಮಾಡಿ, ಮತ್ತೆ ಸರೇಸು ಬಳಿದು ಸಾಣೆಪುಡಿಯಲ್ಲಿ ಹೊರಳಿಸಬೇಕು. ಒಣಗಿದ ಮೇಲೆ ಜೇನುಮೇಣ ಹಚ್ಚಬೇಕು, ಇಲ್ಲವಾದರೆ ಅಲಗು ಕಾದು ನೀಲಿಯಾಗಿ ಸತ್ತುಹೋಗುತ್ತದೆ. ನಾನು ಮೊದಲು ಕೊಂದದ್ದು ನಮ್ಮ ಮನೆಯ ಚಾಕುವನ್ನೇ. ಆ ಚಾಕುವಿಗೆ ಆಮೇಲೆ ಬದನೆಕಾಯಿ ಕೂಡ ಹೆದರಲಿಲ್ಲ.

ಹಿಡಿಯುವ ಬಗೆ ಇನ್ನೂ ಬೇರೆ. ಕಲ್ಲು ನಮ್ಮ ಕಡೆಗೆ ತಿರುಗಿ ಬರುತ್ತದೆ, ಅಲಗಿನ ಬಾಯಿಯನ್ನು ಅದಕ್ಕೆ ಎದುರು ಹಿಡಿಯಬೇಕು. ಕಾಗದದ ಗಾಲಿ ನಮ್ಮಿಂದ ಆಚೆಗೆ ತಿರುಗಬೇಕು, ಅಲಗಿನ ಬಾಯಿಯೂ ಆಚೆಗೇ ಮುಖ ಮಾಡಿರಬೇಕು. ಎದುರು ಹಿಡಿದಿರೋ, ಚಾಕು ಕಾಗದದೊಳಗೆ ಹೊಕ್ಕು ಗಾಲಿಯನ್ನು ಸೀಳುತ್ತದೆ, ಕೈಯಿಂದ ಕಿತ್ತುಕೊಂಡು ಹಾರುತ್ತದೆ. ಮಣಿಕಟ್ಟು ಬಿಗಿದು, ಹಿಡಿಯ ಕಡೆಯಿಂದ ತುದಿಯವರೆಗೆ ಒಂದೇ ಎಳೆತ. ಬೆರಳಿಗೆ ಬಿಸಿ ತಾಗಿದರೆ ಬಿಡಬೇಕು. ಇನ್ನೊಂದು ಮಗ್ಗುಲಿಗೆ ಕಬ್ಬಿಣದ ಸಣ್ಣ ಎಳೆ ಎದ್ದದ್ದು ಬೆರಳಿಗೆ ತಿಳಿಯುತ್ತದೆ. ತಿಳಿದ ಮೇಲೆ ಮಗುಚಿ ಹಿಡಿಯಬೇಕು. ಕೊನೆಗೆ ಬೋಳು ಗಾಲಿಯ ಮೇಲೆ ಆ ಎಳೆಯನ್ನು ಒರೆಸಬೇಕು.

ನನಗೆ ಬೇಗ ಬಂತು. ಬಂದದ್ದಕ್ಕೆ ಕಾರಣ ಜಾಣತನವಲ್ಲ, ನನ್ನ ಕೈಗೆ ಮೊದಲು ಏನೂ ಗೊತ್ತಿರಲಿಲ್ಲ. ಅವರ ಕೈ ಮಾತ್ರ ಕಲ್ಲಿನ ಮುಂದೆ ಬೆಳೆದ ಕೈ. ಇನ್ನೂ ಮಸುಕಾಗಿ ಕಾಣುತ್ತಿದ್ದಾಗ ನೋಡಿ ನೋಡಿ ಸರಿಯಾಗಿ ಹಿಡಿಯುತ್ತಿದ್ದರು, ಆಗ ನಾವಿಬ್ಬರೂ ಗೆದ್ದೆವು ಎಂದುಕೊಂಡೆವು. ಕಣ್ಣು ಕಡಿಮೆಯಾದಷ್ಟೂ ಕೈ ತನ್ನ ಹಳೆಯ ದಾರಿಗೆ ಹೊರಳಿತು. ಯೋಚಿಸಿ ಹಿಡಿದಾಗ ಸರಿ. ಸ್ವಲ್ಪ ಮೈಮರೆತರೆ ಅಲಗು ಎದುರಾಗಿ ನಿಂತುಬಿಡುತ್ತಿತ್ತು. ಪಟ್ ಎಂದು ಸದ್ದು, ಕಾಗದದ ಚೂರು ಪಡಸಾಲೆಯ ತುಂಬ. ಮಿಸ್ತ್ರಿ ಸಾಹೇಬರು ಮರದ ಅಡ್ಡ ಕಟ್ಟಿ ನೋಡಿದರು, ಚಾಕುವಿನ ಬೆನ್ನಿಗೆ ದಾರ ಸುತ್ತಿ ಗುರುತು ಮಾಡಿ ನೋಡಿದರು. ಕೊನೆಗೆ ಅವರೂ ಸುಸ್ತಾಗಿ ಊರು ಬಿಟ್ಟರು. ಹೋಗುವಾಗ ನನ್ನನ್ನು ಬದಿಗೆ ಕರೆದರು.

"ಅಕ್ಕಾ, ನೀವೇ ಹಿಡೀರಿ. ಅವರಿಗಿ ಆಗಂಗಿಲ್ಲ. ನಾ ಹೇಳೀನಿ ಅಂತ ಹೇಳಬ್ಯಾಡ್ರಿ."

ನಾನು ಹೇಳಲಿಲ್ಲ. ನನ್ನ ಗಂಡ ತಾವೇ ಒಂದು ದಿನ ಸೀಳಿದ ಗಾಲಿಯನ್ನು ಸವರುತ್ತ, "ನನ್ನ ಕೈ ನನ್ನ ಮಾತ ಕೇಳವಲ್ದು," ಎಂದು ಎದ್ದರು. ಅಂದಿನಿಂದ ಗಾಲಿಗೆ ನಾನು ಹಿಡಿಯುವುದು, ಅವರು ಮಗ್ಗುಲಲ್ಲಿ ಕುಳಿತು ಹೆಬ್ಬೆರಳಿನಿಂದ ಧಾರ ನೋಡುವುದು. ಆ ಹೆಬ್ಬೆರಳಿಗೆ ಎಲ್ಲವೂ ಕಾಣುತ್ತಿತ್ತು.

"ತುದಿ ಕಡೆ ಇನ್ನೊಮ್ಮಿ ಹಿಡಿ. ಅವಸರ ಮಾಡೀದಿ."

"ಅನ್ನ ಸೀಯ್ಲತದರಿ, ಅವಸರ ಮಾಡಲಾರ್ದ ಏನ್ ಮಾಡ್ಲಿ?"

"ಅನ್ನ ಸೀದರ ತಿಂತೇನಿ. ಇದು ಮಂದಿ ಚಾಕು."

ಹೆಂಗಸು ಸಾಣೆ ಹಿಡಿಯುತ್ತಾಳೆಂದು ಯಾರೂ ತಕರಾರು ತೆಗೆಯಲಿಲ್ಲ. ನಾನು ಜಗಳಕ್ಕೆ ತಯಾರಾಗಿಯೇ ಕುಳಿತಿದ್ದೆ, ಅದು ದಂಡವಾಯಿತು. ಬಂದವರು ಅವರ ಹೆಬ್ಬೆರಳನ್ನು ನೋಡುತ್ತಿದ್ದರು, ಅದು ಹೂಂ ಎಂದರೆ ಮುಗಿಯಿತು. ಕೆಲಸ ಅವರದೇ ಎಂಬಂತೆ ನಡೆಯಿತು. ಕಣ್ಣು ಹೋದರೂ ಕೆಲಸ ಇದೆ ಎಂದು ಅವರು ನಂಬಿದ್ದಷ್ಟು ದಿನ ಮನೆಯಲ್ಲಿ ನಗೆ ಇತ್ತು.

ತೊಂದರೆ ಬಂದದ್ದು ಸರೇಸಿನಿಂದ. ಮಠದ ಅಡುಗೆಯ ಹಿರಿಯರು ಯಾವಾಗಲೂ ಆಳಿನ ಕೈಯಲ್ಲಿ ಚಾಕು ಕಳಿಸುತ್ತಿದ್ದವರು, ಒಂದು ಬೆಳಿಗ್ಗೆ ತಾವೇ ಬಂದರು. ಬಿಳಿಯ ಧೋತರ, ಹಣೆಯ ತುಂಬ ವಿಭೂತಿ. ನಾನು ಒಳಗೆ ಅಂಟು ಕಾಯಿಸುತ್ತಿದ್ದೆ. ವಾಸನೆ ಬಂತು, ಮುಖ ಕಿವುಚಿದರು.

"ಏನರೀ ಇದು ವಾಸನಿ?"

ನಾನು ಬಾಗಿಲ ಮರೆಯಿಂದ ಗಂಡನ ಅಂಗಿ ಜಗ್ಗಿದೆ. ಗಿಡದ ಅಂಟು ಎನ್ನಿ, ಜಾಲಿಯ ಅಂಟು ಎನ್ನಿ ಎಂದು ಕಿವಿಯಲ್ಲಿ ಹೇಳಿದೆ. ಅವರು ನನ್ನ ಕೈ ಬಿಡಿಸಿಕೊಂಡರು.

"ಸರೇಸು ಅದರಿ ಯಪ್ಪಾ. ದನದ ಚರ್ಮದ್ದು. ಗಾಲಿ ಅದರಿಂದೇ ನಿಲ್ತದ."

"ಅಂದ್ರ ನಮ್ಮ ಚಾಕು ಇದರ ಮ್ಯಾಲೇ ಹಿಡೀತೀರೇನು? ತೊಳೀತೀರೇನು ಇದನ್ನ?"

"ಕಾಗದ ತೊಳೀಲಿಕ್ಕ ಬರಂಗಿಲ್ರಿ. ಮಾಂಸದ ಕತ್ತಿಗಿ ಬ್ಯಾರೆ ಗಾಲಿ ಇಟ್ಟೀನ್ರಿ. ಆದ್ರ ಅಂಟು ಎರಡಕ್ಕೂ ಒಂದೇ." ಆಮೇಲೆ ಮೆಲ್ಲಗೆ ಸೇರಿಸಿದರು: "ಚರ್ಮ ಹದ ಮಾಡಿದವರೂ ಶರಣರೇ ಇದ್ರಲ್ರಿ."

ಹಿರಿಯರು ಕೆಟ್ಟವರಲ್ಲ. "ನೀ ಹೇಳೋದು ಖರೆ ಅದ. ನನಗ ತಿಳೀತದ. ಊಟಕ್ಕ ಕೂಡೋ ಮಂದಿಗಿ ನಾ ಹ್ಯಾಂಗ ತಿಳಿಸ್ಲಿ?" ಎಂದು ಚಾಕುಗಳ ಗಂಟನ್ನು ಬಿಚ್ಚದೆಯೇ ತೆಗೆದುಕೊಂಡು ಹೋದರು. ಅವರ ಹಿಂದೆ ಊರಿನ ಅಡುಗೆಮನೆಗಳೂ ಹೋದವು. ನಾನು ಗಂಡನ ಜೊತೆ ಬಹಳ ದಿನ ನೆಟ್ಟಗೆ ಮಾತಾಡಲಿಲ್ಲ. ಒಂದು ಸುಳ್ಳು, ಒಂದೇ ಒಂದು, ಯಾರ ಮನೆ ಮುರಿಯುತ್ತಿತ್ತು?

"ಕುರುಡ ಆಗೀನಿ ಅಂತ ಸುಳ್ಳನೂ ಆಗ್ಲೇನು?" ಎಂದರು ಅವರು.

ನೀವು ಕೇಳಬಹುದು, ಹಳೆಯ ಕಲ್ಲಿತ್ತಲ್ಲ, ಅಡುಗೆಮನೆಯ ಚಾಕುಗಳನ್ನು ಅದರ ಮೇಲೆ ನೀನೇ ಹಿಡಿಯಬಹುದಿತ್ತಲ್ಲ ಎಂದು. ಹಿಡಿದೆ. ನನ್ನ ಕೈ ಕಾಗದದ ಮುಂದೆ ಕಲಿತ ಕೈ. ಕಲ್ಲಿಗೆ ಅಲಗನ್ನು ತಿರುವುಮುರುವು ಹಿಡಿಯುತ್ತಿತ್ತು, ಕಾಲು ತುಳಿದರೆ ಕೈ ನಡುಗುತ್ತಿತ್ತು. ಕಣ್ಣಿದ್ದ ನನಗೆ ಕಲ್ಲು ಬಾರದು, ಕಲ್ಲು ಬಲ್ಲ ಅವರಿಗೆ ಕಣ್ಣಿಲ್ಲ. ಒಂದೇ ಪಡಸಾಲೆಯಲ್ಲಿ ಇಬ್ಬರೂ ಇದ್ದೆವು.

ಆಗ ನಾನು ಜಾಲಿಯ ಅಂಟಿನ ಗಾಲಿ ಮಾಡಲು ಹೊರಟೆ. ಅಷ್ಟೂರದ ಹೊಲಗಳ ಬದುವಿನಲ್ಲಿ ಜಾಲಿ ಮರಗಳ ಅಂಟು ಕಿತ್ತು ತಂದು, ನೆನೆಸಿ, ಸೋಸಿ, ಬೇಸಿಗೆಯ ಬಿಸಿಲಿನಲ್ಲಿ ಗಾಲಿ ಕಟ್ಟಿದೆ. ಬೀದರದ ಬೇಸಿಗೆಯಲ್ಲಿ ಏನು ತಾನೆ ಒಣಗುವುದಿಲ್ಲ? ಗಾಲಿ ಕಲ್ಲಿನಂತೆ ಆಯಿತು. ಮಾಂಸದ ಕತ್ತಿ ಅದರ ಹತ್ತಿರ ಸುಳಿಯದಂತೆ ನೋಡಿಕೊಂಡೆ. ಮೊದಲ ಚಾಕುವನ್ನು ಅವರ ಹೆಬ್ಬೆರಳಿಗೆ ಕೊಟ್ಟಾಗ ಅವರು ಎರಡು ಸಲ ಸವರಿ, ನನ್ನ ತಲೆ ಸವರಿದರು. ಮಠಕ್ಕೆ ಹೇಳಿ ಕಳಿಸಿದೆ: ಈಗ ಗಿಡದ ಅಂಟು, ಕಣ್ಣಾರೆ ಬಂದು ನೋಡಿರಿ.

ಹಿರಿಯರು ಬರುವ ಹೊತ್ತಿಗೆ ಮುಂಗಾರಿನ ಮಿರಗದ ಮಳೆ ಹಿಡಿದಿತ್ತು. ನಮ್ಮ ಕೆಂಪು ಕಲ್ಲಿನ ಗೋಡೆಗಳು ನೀರು ಕುಡಿದು ಉಪ್ಪಿನ ಚೀಲದಂತೆ ಒಸರುತ್ತಿದ್ದವು. ಗಾಲಿ ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ನಾನು ಮಠದ ದೊಡ್ಡ ಚಾಕುವನ್ನು ಹಿಡಿದೆ, ಸರಿಯಾಗಿಯೇ ಹಿಡಿದೆ. ಅಂಟು ತೇವಕ್ಕೆ ಮೆತ್ತಗಾಗಿತ್ತು. ಮೊದಲು ಪುಡಿ ಹಕ್ಕಳೆಹಕ್ಕಳೆಯಾಗಿ ಉದುರಿತು, ಆಮೇಲೆ ರಟ್ಟಿನ ಪದರುಗಳು ಬಿಚ್ಚಿಕೊಂಡು, ಅಲಗು ಅವುಗಳ ನಡುವೆ ಸಿಕ್ಕಿ, ಗಾಲಿ ಸಿಡಿಯಿತು. ಚಾಕು ಹೋಗಿ ಗೋಡೆಗೆ ಬಡಿದು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಹಿರಿಯರು ಹೆಗಲ ಮೇಲಿನ ಕಾಗದದ ಚೂರುಗಳನ್ನು ಕೊಡವಿಕೊಂಡು, ಚಾಕು ತಾವೇ ಎತ್ತಿಕೊಂಡರು. "ಇರ್ಲಿ ತಾಯಿ," ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಿಗ್ಗೆ ನನ್ನ ಗಂಡ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಗೋಡೆ ಹಿಡಿದುಕೊಂಡು ಹಳೆಯ ಚೌಕಟ್ಟಿನ ಹತ್ತಿರ ಹೋದರು. ಆ ಹೊತ್ತಿಗೆ ಅವರಿಗೆ ಬೆಳಕು ಯಾವ ಕಡೆ ಇದೆ ಎನ್ನುವುದಷ್ಟೇ ತಿಳಿಯುತ್ತಿತ್ತು.

"ಡಬ್ಬಿಗಿ ನೀರ ತುಂಬು. ಒಂದು ಚಾಕು ಕೊಡು."

ನಾನು ನಮ್ಮ ಮನೆಯ ಹೊಸ ಚಾಕುವನ್ನು ಕೊಟ್ಟೆ. ಕಾಲು ತುಳಿಯಿತು, ಕಲ್ಲು ತಿರುಗಿತು, ನೀರು ಬಿತ್ತು. ಕೈ ಎಷ್ಟು ಸಲೀಸಾಗಿ ಹೋಗಿ ಕಲ್ಲಿಗೆ ತಾಗಿತೆಂದರೆ ನನಗೆ ಒಂದು ಗಳಿಗೆ ಹಳೆಯ ದಿನಗಳು ಬಂದುಬಿಟ್ಟವು ಎನಿಸಿತು. ಅವರು ತಲೆ ಓರೆ ಮಾಡಿ ಕಲ್ಲಿನ ಸದ್ದನ್ನು ಕೇಳುತ್ತ, ಬಹಳ ಹೊತ್ತು, ಬಹಳ ಶ್ರದ್ಧೆಯಿಂದ ಹಿಡಿದರು. ಆಮೇಲೆ ಚಾಕುವನ್ನು ನನ್ನ ಕಡೆ ಚಾಚಿದರು. ತಾವು ಹೆಬ್ಬೆರಳು ಇಟ್ಟು ನೋಡಲಿಲ್ಲ.

"ಹ್ಯಾಂಗ ಆಗ್ಯಾದ?"

ಅಲಗಿನ ಬಾಯಿ ಹಾವು ಹರಿದಂತೆ ಅಂಕುಡೊಂಕಾಗಿತ್ತು. ನಡುವೆ ಒಂದು ಕಡೆ ಕಲ್ಲು ತಿಂದು ಕುಳಿ ಬಿದ್ದಿತ್ತು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ದಿನ ಮಂದಿಯ ಮುಂದೆ ಖರೆ ಖರೆ ಎಂದು ಕುಳಿತ ಮನುಷ್ಯನಿಗೆ ನಾನು ಬೇರೆ ಏನು ಕೊಡಬೇಕಿತ್ತು?

"ಹಾಳಾಗ್ಯಾದ್ರಿ," ಎಂದೆ.

ಕಾಲು ನಿಂತಿತು. ಕಲ್ಲು ತನ್ನಷ್ಟಕ್ಕೆ ಇನ್ನೂ ಕೆಲವು ಸುತ್ತು ತಿರುಗಿತು. ಅವರು ಒದ್ದೆ ಕೈಗಳನ್ನು ಧೋತರಕ್ಕೆ ಒರೆಸಿಕೊಂಡು, ನಾನಿದ್ದ ಕಡೆಗೆ ಮುಖ ತಿರುಗಿಸಿದರು; ಅದು ಸ್ವಲ್ಪ ತಪ್ಪಿ ಬಾಗಿಲಿನ ಕಡೆಗೆ ಹೋಯಿತು.

"ಛಲೋ ಆಗ್ಯಾದ ಅಂದಿದ್ರ ನಿನಗೇನ್ ಕಡಿಮಿ ಆಗ್ತಿತ್ತು?"

ನಾನು ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅವರು ಕೇಳಿದ್ದೂ ತಪ್ಪಲ್ಲ. ಅಂದಿನಿಂದ ಅವರು ಅಂಗಡಿಯ ಪಡಸಾಲೆ ಬಿಟ್ಟು ಒಳಗಿನ ಕೋಣೆಯಲ್ಲಿ ಕೂರತೊಡಗಿದರು. ಮಾಂಸದ ಅಂಗಡಿಯವರ ಕತ್ತಿಗಳು ಬರುತ್ತಿದ್ದವು, ನಾನು ಸರೇಸಿನ ಗಾಲಿಯ ಮೇಲೆ ಹಿಡಿಯುತ್ತಿದ್ದೆ. ಮೊದಮೊದಲು ಒಂದೊಂದನ್ನೂ ಒಳಗೆ ಒಯ್ದು, ಧಾರ ನೋಡ್ರಿ ಎಂದು ಅವರ ಕೈಗೆ ಕೊಡುತ್ತಿದ್ದೆ. ಅವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, "ನಿನಗ ಗೊತ್ತಾಗ್ತದಲ್ಲ," ಎನ್ನುತ್ತಿದ್ದರು.